ರೂಬಿ ಆಂಟಿಯ ಕಲ್ಲು

ಒದ್ದೆ ಕಲ್ಲಿನ ಪುಡಿಗೆ ಅದರದೇ ಆದ ಒಂದು ವಾಸನೆಯಿದೆ. ಮೊನ್ನೆ ದುಬೈಯ ಅಲ್ ಬರ್ಷಾದ ನನ್ನ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಅಡುಗೆ ಕಟ್ಟೆಗೆ ಗ್ರಾನೈಟು ಕೊಯ್ಯುತ್ತಿದ್ದರು. ಯಂತ್ರದ ಕಿರುಚಾಟದ ಜೊತೆ ಆ ವಾಸನೆ ಬಾಲ್ಕನಿಯಿಂದ ಒಳಗೆ ಬಂದದ್ದೇ, ಕೂತಲ್ಲಿ ಕೂರಲಾಗದೆ ಎದ್ದು ಮನೆಯೆಲ್ಲ ಓಡಾಡಿದೆ. ಅದು ಅಪ್ಪನ ಅಂಗಿಯ ವಾಸನೆ. ಸಂಜೆ ಅಪ್ಪ ಅಲ್ ಕೂಝ್‌ನ ಮಾರ್ಬಲ್ ವರ್ಕ್‌ಶಾಪಿನಿಂದ ಬರುವಾಗ ಅವರ ಹುಬ್ಬು, ಕಿವಿಯ ರೋಮ ಎಲ್ಲ ಬೆಳ್ಳಗಾಗಿರುತ್ತಿದ್ದವು. ಬಾಗಿಲು ತೆರೆದ ರೂಬಿ ಆಂಟಿ, "ವಾಸು ಭಾಯ್, ಮೊದಲು ಸ್ನಾನ, ಆಮೇಲೆ ಮಾತು" ಎಂದು ಹಿಂದಿಯಲ್ಲಿ ಗದರುತ್ತಿದ್ದರು.

ಕರಾಮಾದ ಹಳೆಯ ಕಟ್ಟಡವೊಂದರ ಎರಡು ಬೆಡ್‌ರೂಮಿನ ಮನೆ ಅದು. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ಮುಂಬೈಯಿಂದ ಬಂದಿದ್ದ ರೂಬಿ ಆಂಟಿ ಮತ್ತು ಡೇವಿಡ್ ಅಂಕಲ್. ಅಡುಗೆಮನೆ, ಬಚ್ಚಲು, ಟಿವಿ, ಸಣ್ಣಪುಟ್ಟ ಜಗಳ ಎಲ್ಲ ಶೇರಿಂಗ್. ತೊಂಬತ್ತರ ದಶಕದ ದುಬೈಯನ್ನು ಕಂಡಿದ್ದರೆ ನಿಮಗೆ ಗೊತ್ತು, ಹಾಗೆ ಬಾಡಿಗೆಗಾಗಿ ಸೇರಿಕೊಂಡವರು ನೆಂಟರಿಗಿಂತ ಹತ್ತಿರವಾಗುತ್ತಿದ್ದರು. ಆದರೂ ಮಂಚದ ಕೆಳಗಿನ ಸೂಟ್‌ಕೇಸನ್ನು ಯಾರೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಶುಕ್ರವಾರ ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚುವಾಗ ಆಂಟಿಯೂ ತಮ್ಮ ಕೋಣೆಯಲ್ಲಿ ಎಣ್ಣೆಯ ದೀಪ ಹಚ್ಚಿ, ತಲೆಗೆ ಸೆರಗು ಹೊದ್ದು, ಕಣ್ಣಿಗೆ ಕೈ ಮುಚ್ಚಿಕೊಂಡು ಏನೋ ಗುನುಗುತ್ತಿದ್ದರು. ಅವರು ಕ್ರಿಶ್ಚಿಯನ್ನರೆಂದೇ ಕಟ್ಟಡದವರೆಲ್ಲ ತಿಳಿದಿದ್ದರು. ಒಮ್ಮೆ ನಾನು, "ಆಂಟಿ, ನಿಮ್ಮ ಯೇಸುವಿನ ಫೋಟೋ ಎಲ್ಲಿ?" ಎಂದು ಕೇಳಿದೆ. ಅವರು ಬಾಗಿಲು ಮುಚ್ಚಿ, "ನಾವು ಯಹೂದಿಗಳು, ಬೇಬಿ. ಹೊರಗೆ ಹೇಳಬೇಡ" ಎಂದರು. ಹಾಗೆಂದರೇನೆಂದು ನನಗೆ ಅರ್ಥವಾಗಲಿಲ್ಲ, ಹೇಳಬಾರದು ಎಂಬುದಷ್ಟೇ ಆಯಿತು. ಅಂದಿನಿಂದ ಲಿಫ್ಟಿನಲ್ಲಿ ಯಾರಾದರೂ ಅವರ ಹೆಸರೆತ್ತಿದರೆ ನಾನು ಬಗ್ಗಿ ಶೂ ಲೇಸು ಕಟ್ಟತೊಡಗುತ್ತಿದ್ದೆ.

ಹಬ್ಬಕ್ಕೆ ಆಂಟಿ ಅವಲಕ್ಕಿ ನೆನೆಸಿ, ತೆಂಗಿನ ತುರಿ, ಬೆಲ್ಲ, ಏಲಕ್ಕಿ, ಬಾಳೆಹಣ್ಣು, ಖರ್ಜೂರ ಹಾಕಿ ಕಲಸುತ್ತಿದ್ದರು. "ಇದು ನಮ್ಮ ಉಡುಪಿಯ ಬಜಿಲೇ ಅಲ್ವಾ ಮಾರಾಯ್ತಿ!" ಎಂದು ಊರಿನ ಸಿಹಿ ಅವಲಕ್ಕಿಯನ್ನು ನೆನೆದು ಅಮ್ಮ ಬೆರಗಾಗಿದ್ದಳು. ಅದನ್ನು ತಿನ್ನುತ್ತ ಕೂತ ಒಂದು ಮಧ್ಯಾಹ್ನ ಆಂಟಿ ನನಗೆ ಒಂದು ಫೋಟೋ ತೋರಿಸಿದರು. ಅಲಿಬಾಗಿನ ಹತ್ತಿರ, ಕಡಲ ದಂಡೆಯ ತೆಂಗಿನ ಮರಗಳ ನಡುವೆ ಅವರ ಜನರ ಹಳೆಯ ಸ್ಮಶಾನ. ಎಂದೋ ಒಂದು ಕಾಲದಲ್ಲಿ ಅಲ್ಲಿ ಹಡಗೊಡೆದು, ಈಜಿ ದಡ ಸೇರಿದ ಬೆರಳೆಣಿಕೆಯ ಜನ ತಮ್ಮವರ ಹೆಣಗಳನ್ನು ದಿಬ್ಬ ಮಾಡಿ ಹೂತರಂತೆ. ಆಮೇಲೆ ಎಣ್ಣೆ ಗಾಣ ಹಾಕಿ, ಮರಾಠಿ ಕಲಿತು, ಅಲ್ಲಿಯವರೇ ಆದರಂತೆ. ಫೋಟೋದಲ್ಲಿ ಆಂಟಿಯ ತಾಯಿಯ ಸಮಾಧಿಯ ಕಲ್ಲಿತ್ತು. ಮೇಲೆ ಹೀಬ್ರೂವಿನ ಒಂದು ಸಾಲು, ಕೆಳಗೆ ಮರಾಠಿ. "ಆಯಿಯ ಪಕ್ಕ ನನಗೆ ಜಾಗ ಬಿಡಿಸಿದ್ದೇನೆ" ಎಂದರು ಆಂಟಿ, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರ ಖುಷಿಯಲ್ಲಿ.

ಆ ಬೇಸಿಗೆಯಲ್ಲೇ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದ ಆಂಟಿ ಎದೆ ಹಿಡಿದು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಊರಿಗೆ ಒಯ್ಯಲು ಕಾಗದಪತ್ರಕ್ಕೆ ದಿನಗಟ್ಟಲೆ ಬೇಕೆಂದು ಗೊತ್ತಾದಾಗ ಡೇವಿಡ್ ಅಂಕಲ್ ಹಾಲ್‌ನಲ್ಲಿ ಗೋಡೆಯಿಂದ ಗೋಡೆಗೆ ನಡೆದಾಡಿದರು. "ನಮ್ಮಲ್ಲಿ ದೇಹವನ್ನು ಹೆಚ್ಚು ಹೊತ್ತು ಇಡಬಾರದು, ಭಾಯ್. ಆದರೆ ಅವಳಿಗೆ ಆಯಿಯ ಪಕ್ಕ ಬೇಕಿತ್ತು." ಮತ್ತೆ ನಡೆದರು. ಕೊನೆಗೆ, "ಇಲ್ಲೇ" ಎಂದವರು ಕೂತುಬಿಟ್ಟರು. ಊರಾಚೆ, ಮರಳಿನ ನಡುವೆ ಗೋಡೆ ಕಟ್ಟಿದ ಮುಸ್ಲಿಮೇತರರ ಸ್ಮಶಾನದಲ್ಲಿ, ಶಿಲುಬೆಗಳ ಸಾಲಿನ ಕೊನೆಯಲ್ಲಿ ಆಂಟಿಯನ್ನು ಮಣ್ಣು ಮಾಡಿದೆವು. ಅಂಕಲ್ ಒಬ್ಬರೇ ಪ್ರಾರ್ಥನೆ ಹೇಳಿದರು. ಗೇಟಿನ ಕಡೆ ಮತ್ತೆ ಮತ್ತೆ ನೋಡುತ್ತ, ತುಟಿಯಷ್ಟೇ ಆಡಿಸುತ್ತ.

ಕೆಲವು ವಾರಗಳ ಮೇಲೆ ಅವರು ಆ ಫೋಟೋ ತಂದು ಅಪ್ಪನ ಕೈಗಿಟ್ಟರು. "ಮೇಲಿನ ಈ ಸಾಲು ನಮ್ಮವರ ಕಲ್ಲಿನ ಮೇಲೆಲ್ಲ ಇರುತ್ತದೆ. ಇಷ್ಟಾದರೂ ಒಂದು ಕಲ್ಲಿನಲ್ಲಿ ಕೆತ್ತಿಕೊಡು. ಜೊತೆಗೆ ಅವಳ ಹೆಸರು." ಅಮ್ಮ ಅಪ್ಪನನ್ನು ಅಡುಗೆಮನೆಗೆ ಕರೆದಳು. "ಯಹೂದಿಗಳ ಅಕ್ಷರ ಕೆತ್ತುವುದನ್ನು ನಿಮ್ಮ ಮಾಲೀಕ, ಆ ಅರಬಾಬ್, ನೋಡಿದ್ರೆ ನಮ್ಮ ವೀಸಾದ ಗತಿ ಎಂತ? ಈ ಮಗಳ ಶಾಲೆ?" ಅಪ್ಪ ಹೊರಗೆ ಬಂದು ಫೋಟೋವನ್ನು ಬೆಳಕಿಗೆ ಹಿಡಿದು, "ಡೇವಿಡ್ ಭಾಯ್, ಈ ಗೀಟು ಅಕ್ಷರವಾ, ಕಲ್ಲು ಒಡೆದದ್ದಾ?" ಎಂದು ಕೇಳಿದರು. ಅಂಕಲ್‌ಗೆ ಪ್ರಾರ್ಥನೆ ಬಾಯಿಪಾಠ, ಅಕ್ಷರ ಬಾರದು. "ಗೊತ್ತಿಲ್ಲ ಭಾಯ್. ಇದ್ದ ಹಾಗೇ ಕೆತ್ತು" ಎಂದರು.

ಅಪ್ಪ ಆ ಕಲ್ಲು ಕೆತ್ತಿದ ದಿನ ಶಾಲೆಗೆ ರಜೆಯಿದ್ದುದರಿಂದ ನಾನೂ ವರ್ಕ್‌ಶಾಪಿಗೆ ಹೋಗಿದ್ದೆ. ಅಪ್ಪ ಎಲ್ಲರಿಗೂ ಬೆನ್ನು ಮಾಡಿ ಕೂತು ಕೆತ್ತುತ್ತಿದ್ದರು. ಮಾಲೀಕ, ಎಲ್ಲರೂ ಅರಬಾಬ್ ಎನ್ನುತ್ತಿದ್ದ ಬಿಳಿ ಕಂದೂರ ನಿಲುವಂಗಿಯ ಮುದುಕ, ಯಾವಾಗ ಒಳಗೆ ಬಂದನೋ ಕಾಣಲಿಲ್ಲ. ಅಕ್ಷರಗಳನ್ನು ನೋಡುತ್ತಲೇ ಅವನ ಕೈಯ ಜಪಮಣಿ ನಿಂತಿತು. "ಇದು ಯಾರದ್ದು?" ಎಂದು ಮುರುಕು ಹಿಂದಿಯಲ್ಲಿ ಕೇಳಿದ. ಅಪ್ಪ ಎದ್ದು ನಿಂತರು. ಗಿರಾಕಿಯದ್ದು ಎನ್ನಬಹುದಿತ್ತು. "ನಮ್ಮ ಮನೆಯವರದ್ದು, ಅರಬಾಬ್" ಎಂದರು. ಮುದುಕ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. ಕಲ್ಲಿನ ಅಂಚಿನ ಮೇಲೆ ಬೆರಳಾಡಿಸಿದ. "ಈ ಮೂಲೆ ಒರಟಾಗಿದೆ, ಪಾಲಿಶ್ ಮಾಡು. ಖಲಾಸ್ ಆಗುವವರೆಗೆ ಗೋಣಿ ಮುಚ್ಚಿಡು" ಎಂದು ಹೇಳಿ ಹೊರಟುಹೋದ. ಅಪ್ಪ ಉಳಿ ಹಿಡಿದರು, ಮತ್ತೆ ಕೆಳಗಿಟ್ಟು ಗೋಣಿ ಹುಡುಕಲು ಹೋದರು.

ಕಲ್ಲು ನೆಟ್ಟ ಮೇಲೆ ಅಂಕಲ್ ಹೆಚ್ಚು ದಿನ ಇರಲಿಲ್ಲ. ತಮ್ಮನ ಮನೆಗೆಂದು ಮುಂಬೈಗೆ ಹೋದರು. ಒಂದೆರಡು ಸಲ ಫೋನು ಬಂತು, ಆಮೇಲೆ ನಿಂತಿತು. ಅವರ ಕೋಣೆಗೆ ಬೇರೆಯವರು ಬಂದರು, ಕಟ್ಟಡ ಕೆಡವುತ್ತಾರೆಂದು ನೋಟಿಸು ಬಂತು, ನಾವು ಅಲ್ ನಹ್ದಾಕ್ಕೆ, ಅಲ್ಲಿಂದ ಇನ್ನೆಲ್ಲಿಗೋ ಸಾಮಾನು ಹೊತ್ತೆವು. ಈಗ ಕರಾಮಾದ ಆ ಜಾಗದಲ್ಲಿ ಗಾಜಿನ ಕಟ್ಟಡವಿದೆ. ನಮ್ಮ ಅಡುಗೆಮನೆ ಯಾವ ಎತ್ತರದಲ್ಲಿತ್ತೆಂದು ಎಷ್ಟು ಸಲ ಕತ್ತೆತ್ತಿ ನೋಡಿದರೂ ಗೊತ್ತಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೇಲೆ ಅಪ್ಪ ವೀಸಾ ಕ್ಯಾನ್ಸಲ್ ಮಾಡಿಸಿ ಅಮ್ಮನೊಂದಿಗೆ ಉಡುಪಿಗೆ ಹೊರಟರು. ಹೊರಡುವ ವಾರ, "ಒಮ್ಮೆ ಹೋಗಿ ಬರುವ" ಎಂದರು. ನಾನು ಟ್ಯಾಕ್ಸಿ ಕರೆದೆ. ಸ್ಮಶಾನ ತುಂಬಿಹೋಗಿತ್ತು. ಹುಡುಕಿ ಹುಡುಕಿ ಸುಸ್ತಾದ ಮೇಲೆ ಆ ಕಲ್ಲು ಸಿಕ್ಕಿತು, ಅರ್ಧ ಮರಳಲ್ಲಿ. ಅಪ್ಪ ಮೊಣಕಾಲೂರಿ ಕೂತು, ಕರವಸ್ತ್ರದಿಂದ ಒಂದೊಂದೇ ಅಕ್ಷರದ ಒಳಗಿನ ಮರಳು ತೆಗೆದರು.

"ನಾವೆಲ್ಲ ಹೋದ್ಮೇಲೆ ಇವರಿಗೆ ಇಲ್ಲಿ ಯಾರುಂಟು?" ಎಂದರು.

"ನಾನಿದ್ದೇನಲ್ಲಪ್ಪ" ಎಂದೆ. ನನ್ನ ವೀಸಾ ರಿನ್ಯೂ ಆಗುವುದೋ ಇಲ್ಲವೋ ಎಂದು ತಿಳಿಯದ ತಿಂಗಳು ಅದು, ಅಪ್ಪನಿಗೂ ಗೊತ್ತಿತ್ತು. ಆದರೂ ತಲೆಯಾಡಿಸಿ, ನನ್ನ ಕೈ ಹಿಡಿದು ಎದ್ದರು. ಗಾಳಿ ಬೀಸುತ್ತಿತ್ತು. ಅವರು ಒರೆಸಿದ ಸಾಲಿನಲ್ಲಿ ಆಗಲೇ ಮರಳು ಕೂರತೊಡಗಿತ್ತು.