ಹುಣಸೆ ಬರಲನ್ನು ಹಿಂದಿರುಗಿಸಿದ ಮೇಷ್ಟ್ರು

ಹಸಿ ಹುಣಸೆ ರೆಂಬೆಯ ಎಲೆ ಸವರಿ ತೊಗಟೆ ಹೆರೆದಾಗ ಒಂದು ವಾಸನೆ ಬರುತ್ತದೆ. ಹುಳಿಗಿಂತ ಒಗರು ಹೆಚ್ಚು, ಗಂಟಲ ಹತ್ತಿರ ಬಂದು ನಿಂತುಬಿಡುತ್ತದೆ. ಕಳೆದ ಭಾನುವಾರ ಹುಣಸೂರಿನ ನಮ್ಮ ಮನೆಯೊಳಗೆ ಆ ವಾಸನೆ ಬಂದಾಗ ನಾನು ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಫೋನಿನಲ್ಲಿ ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ ಮೂರು ಪಠ್ಯಕ್ರಮಗಳವು. ನಾಲ್ಕು ತುಂಬುತ್ತಿರುವ ಮಗಳಿಗೆ ಒಂದು ವರ್ಷ ಮನೆಯಲ್ಲೇ ಏನು ಕಲಿಸುವುದು, ಹೇಗೆ ಕಲಿಸುವುದು ಎಂದು ಗೆರೆ ಎಳೆದು ಹೋಲಿಸಿ ನೋಡುತ್ತಿದ್ದೆ. ಒಂದರಲ್ಲಿ ಜನವರಿ ಪೂರ್ತಿ ಹಿಮದ ಗೊಂಬೆ ಮಾಡಬೇಕು. ಇನ್ನೊಂದರಲ್ಲಿ ತಾಯಿ ಬೆಳಗೆದ್ದು ಮೇಣದ ಬತ್ತಿ ಹಚ್ಚಿ ಇಂಗ್ಲಿಷಿನಲ್ಲಿ ಹಾಡಬೇಕು. ಮೂರನೆಯದು ಪುಟದಿಂದ ಪುಟಕ್ಕೆ ಬರೀ ಚುಕ್ಕಿ ಸೇರಿಸುವುದು.

ವಾಸನೆ ಬಂದದ್ದು ಜಗಲಿಯಿಂದ. ಊರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಪ್ಪ ಅಲ್ಲಿ ಕೂತು, ಕೈಯಲ್ಲೇ ಹಿಡಿದು ತಂದಿದ್ದ ರೆಂಬೆಯನ್ನು ಚಾಕುವಿನಿಂದ ಹೆರೆದು ಬರಲು ಮಾಡುತ್ತಿದ್ದ. ಹೊಡೆಯುವುದಕ್ಕೆ ಬೇಕಾದ ಸಣ್ಣ, ಬಾಗುವ ಕೋಲು.

"ಮಗೀಗೆ ಮನೇಲೇ ಪಾಠವಂತಲ್ಲ, ನಿಮ್ಮವ್ವ ಯೋಳುದ್ಲು. ನೀನು ಮಿಷನ್ ಮುಂದೆ ಕೂತ್ಕೊ. ನಾನು ತಿಂಗ್ಳೊಪ್ಪತ್ತು ಇಲ್ಲೇ ಇದ್ದು ಯೋಳ್ಕೊಡ್ತೀನಿ ಬುಡು," ಅಂದ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ಬೀಚನಹಳ್ಳಿ ಕಡೆಯ ರೆಸಾರ್ಟೊಂದರಲ್ಲಿ ಡ್ರೈವರು, ವಾರಕ್ಕೊಮ್ಮೆ ಬರುತ್ತಾನೆ. ಮಗುವನ್ನು ನೋಡಿಕೊಳ್ಳಲು ಇನ್ನೊಂದು ಜೀವ ಮನೆಯಲ್ಲಿ ಇಲ್ಲದಿದ್ದರೆ ನನ್ನ ಹೊಲಿಗೆ ನಿಲ್ಲುತ್ತದೆ. ಅಪ್ಪ ಹೇಳಿದ್ದು ಸಣ್ಣ ಉಪಕಾರವೇನಲ್ಲ. ಆದರೆ ಮಗಳನ್ನು ನರ್ಸರಿಯಿಂದ ಬಿಡಿಸಿದ್ದೇ ಅಲ್ಲಿ ಸ್ಕೇಲಿನ ಅಂಚಿನಿಂದ ಹೊಡೆದರು ಎಂದು. ಬೆರಳ ಗೆಣ್ಣಿನ ಮೇಲೆ ಹೊಡೆದಿದ್ದರು. ಆಮೇಲೆ ಅವಳು ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದಳು.

ಅಪ್ಪನ ಕೈಯಿಂದ ಅವಳು ಬರಲನ್ನು ಕಿತ್ತುಕೊಂಡು ಹೋಗಿ ಬಕೆಟ್ಟಿನ ಮೇಲೆ ತಮಟೆ ಬಾರಿಸಿ, ಮುರಿದು ಮೋರಿಗೆ ಹಾಕಿದಳು. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಆ ವಾಸನೆಯ ಹಿಂದೆಯೇ ನಮ್ಮೂರ ಮೇಷ್ಟ್ರು ನೆನಪಿಗೆ ಬಂದು ನಿಂತಿದ್ದರು...

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು, ಕಂಪಲಾಪುರದಿಂದ ಒಳಕ್ಕೆ ಹೋಗಬೇಕು. ಮೇಷ್ಟ್ರು ನಮ್ಮೂರವರಲ್ಲ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೂ ಅಲ್ಲೇ ಬಾಡಿಗೆಗೆ ಉಳಿದವರು. ಹೆಂಡತಿ ತೀರಿಕೊಂಡಿದ್ದರು. ಶಾಲೆಗೆ ಇನ್ನೂ ಸೇರದ ಮಕ್ಕಳನ್ನು ಅವರ ಜಗಲಿಯ ಮೇಲೆ ಬಿಟ್ಟು ದೊಡ್ಡವರು ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಿದ್ದರು. ಆಗ ನನಗೆ ಐದು ವರ್ಷ. ಅಣ್ಣ ನನಗಿಂತ ಒಂದು ವರ್ಷ ದೊಡ್ಡವನು; ಅಕ್ಷರ ಬಂದ ಮೇಲೆ ಶಾಲೆಗೆ ಎಂದು ಅಪ್ಪ ಅವನನ್ನೂ ಅಲ್ಲೇ ಇರಿಸಿದ್ದ. ನಾನು ದಿನಚರಿ ಬರೆಯಲು ಹಿಡಿದ ಮೇಲೆ ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯುತ್ತೇನೆ. ಇದರಲ್ಲಿ ಹೆಚ್ಚಿನದು ಕಂಡದ್ದು.

ಮೊದಲ ದಿನ ಮಗುವನ್ನು ಕರೆತರುವ ಅಪ್ಪ ಒಂದು ತಟ್ಟೆ ತರಬೇಕಿತ್ತು. ಎಲೆ ಅಡಿಕೆ, ಬೆಲ್ಲದಚ್ಚು, ಅದರ ಪಕ್ಕದಲ್ಲಿ ತಮ್ಮ ಮನೆಯ ಹುಣಸೆ ಮರದಿಂದ ಕಡಿದ ಒಂದು ಬರಲು. ತಟ್ಟೆ ಕೊಡುವಾಗ, "ಕಣ್ಣೆಲ್ಡು ಬುಟ್ಟು ಮಿಕ್ಕಿದ್ದೆಲ್ಲ ನಿಮ್ದೇ ಸಾ," ಅನ್ನಬೇಕು. ಮೇಷ್ಟ್ರು ಆ ಬರಲನ್ನು ಗೋಡೆಯ ಮೂಲೆಯ ಡಬ್ಬದಲ್ಲಿ ನಿಲ್ಲಿಸುತ್ತಿದ್ದರು. ಯಾವ ಮಗುವಿಗೆ ಹೊಡೆಯಬೇಕೋ ಆ ಮಗುವಿನ ಮನೆಯ ಬರಲನ್ನೇ ಎತ್ತಿಕೊಳ್ಳುವುದು. ಇನ್ನೊಬ್ಬರ ಮನೆಯದರಿಂದ ಹೊಡೆದರೆ ಅದು ಅನ್ಯಾಯ ಎಂದು ಊರಿನವರು ನಂಬಿದ್ದರು. ನಮ್ಮದು ಗಟ್ಟಿ ಎಂದು ಅಪ್ಪನಿಗೆ ಹೆಮ್ಮೆ. ಒಂದು ಮುರಿದರೆ ಮಾರನೆಯ ದಿನವೇ ಇನ್ನೊಂದು ಕಡಿದುಕೊಡುತ್ತಿದ್ದ.

ಮೇಷ್ಟ್ರು ಹೊಡೆಯುತ್ತಿದ್ದರು. ಅದನ್ನು ಮರೆಮಾಚಿ ಬರೆಯುವುದು ಬೇಡ. ಮೊಣಕಾಲ ಹಿಂದೆ ಹೊಡೆಯುತ್ತಿದ್ದರು. ಅಲ್ಲಿ ಗೆರೆ ಬಿದ್ದರೆ ಎರಡು ದಿನ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಕಿವಿಯ ತುದಿಯನ್ನು ಕಲ್ಲುಚೂರು ಸೇರಿಸಿ ಹಿಂಡುತ್ತಿದ್ದರು. ಒಬ್ಬಳಿಗೆ ಹೊಡೆಯುವಾಗ ಪಕ್ಕದ ಮೂವರು ಉಚ್ಚೆ ಹೊಯ್ದುಕೊಳ್ಳುತ್ತಿದ್ದೆವು. ಹೊಡೆದು ಮುಗಿದ ಮೇಲೆ ಅವರೇ ನೀರು ತಂದು ಜಗಲಿ ತೊಳೆಯುತ್ತಿದ್ದರು. ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ಸೌದೆ ಒಡೆಯುವವನ ಮುಖದ ಹಾಗೆ ಇರುತ್ತಿತ್ತು.

ಅಣ್ಣ ಎಡಚ. ಬಳಪವನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ನಮ್ಮ ಮನೆಯ ಬರಲು ಡಬ್ಬದಿಂದ ಹೊರಗೆ ಬರುತ್ತಿತ್ತು. ಒಂದು ಸಲ ಅವನ ಎಡಗೈಯನ್ನು ಹೊಗೆಸೊಪ್ಪು ಕಟ್ಟುವ ದಾರದಿಂದ ಕಂಬಕ್ಕೆ ಬಿಗಿದು ಬಲಗೈಯಲ್ಲಿ ಬರೆಸಿದರು. ಇನ್ನೊಂದು ದಿನ, ಸ್ಲೇಟಿನ ಮೇಲೆ ಅವನ ಎಡಗೈ ಇದ್ದ ಹಾಗೆಯೇ ಬರಲಿನ ದಪ್ಪ ತುದಿಯಿಂದ ಬಾರಿಸಿದರು. ಸ್ಲೇಟು ಒಡೆದ ಸದ್ದು ಎಂದು ನಾನು ಅಂದುಕೊಂಡೆ. ಸ್ಲೇಟು ಒಡೆದಿರಲಿಲ್ಲ. ಕಿರುಬೆರಳು ಹೊರಗಡೆಗೆ ಮಡಿಚಿಕೊಂಡಿತ್ತು. ಅಣ್ಣ ಅಳಲಿಲ್ಲ. ಬಾಯಿ ತೆರೆದಿದ್ದ, ಸ್ವರ ಬರಲಿಲ್ಲ...

ಮೇಷ್ಟ್ರು ಅವನನ್ನು ಎತ್ತಿಕೊಂಡು ಓಡಿದರು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋದರಂತೆ. ಸಂಜೆ ಪಟ್ಟಿ ಕಟ್ಟಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು. ಅಪ್ಪ ಬೈಯುತ್ತಾನೆ ಎಂದು ನಾವು ಕಾದೆವು. ಅಪ್ಪ ಮಣೆ ಹಾಕಿ ಕೂರಿಸಿದ.

"ಒಂದ್ ಬೆಳ್ಳು ಓದ್ರೆ ಓಯ್ತು, ಅದ್ಕೇನ್ ಸಾ. ಅಕ್ಸರ ಬಂದ್ರೆ ಸಾಕು. ನೀವು ಬೇಜಾರ್ ಮಾಡ್ಕೊಬ್ಯಾಡಿ, ಕಾಪಿ ಕುಡೀರಿ," ಅಂದ.

ಮೇಷ್ಟ್ರು ಕಾಫಿ ಕುಡಿಯಲಿಲ್ಲ. ಅಪ್ಪ ಒಂದೆರಡು ಏಟು ಕೊಟ್ಟಿದ್ದರೆ ಅವರು ಬದಲಾಗುತ್ತಿದ್ದರೋ ಇಲ್ಲವೋ ತಿಳಿಯದು. ಆ ಲೋಟ ಹಾಗೇ ಆರಿಹೋದದ್ದು ಮಾತ್ರ ಕಣ್ಣ ಮುಂದಿದೆ.

ಕೆಲವು ದಿನ ಪಾಠ ನಡೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೂ ಹೋಗಿ, ಯಾರ ಬರಲನ್ನು ಅವರ ಕೈಗೆ ಹಿಂದಕ್ಕೆ ಕೊಟ್ಟರು. ಇನ್ನು ಇದು ಬೇಡ, ಮಕ್ಕಳನ್ನು ಕಳಿಸಿ ಸಾಕು ಎಂದು ಹೇಳಿದರು. ಅವರು ಒಳ್ಳೆಯದಕ್ಕೇ ಮಾಡಿದ್ದು. ಆದರೆ ನಮ್ಮೂರಲ್ಲಿ ಕೊಟ್ಟ ತಟ್ಟೆಯ ವಸ್ತುವನ್ನು ಹಿಂದಿರುಗಿಸುವುದೆಂದರೆ ಆ ಮನೆಯ ಸಂಬಂಧ ಬೇಡ ಎಂದು ಹೇಳಿದ ಹಾಗೆ. ಹೆಣ್ಣು ನೋಡಲು ಬಂದವರು ಒಲ್ಲೆವು ಅನ್ನುವುದೂ ಹೀಗೇ. ಊರು ಬಿಟ್ಟು ಊರಿಗೆ ಬಂದ ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ. "ನಮ್ಮಟ್ಟಿ ಮಗ ಕಲಿಯಾಕೆ ಲಾಯಕ್ಕಿಲ್ಲ ಅಂತಾನೇನ್ಲಾ ಇವ್ನು," ಎಂದು ಗಂಡಸರು ಮಾತಾಡಿಕೊಂಡರು. ಹೊಡೆಯದ ಮೇಷ್ಟ್ರು ಏನು ಕಲಿಸಿಯಾನು ಎಂದು ಎಷ್ಟೋ ಮಂದಿ ಮಕ್ಕಳನ್ನು ಬಿಡಿಸಿದರು.

ನಮ್ಮ ಮನೆಗೆ ಅವರು ಬಂದಾಗ ಅಪ್ಪ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದಮಾಡುವ ಮನೆಗೆ, ಅಂದರೆ ಬ್ಯಾರನ್ನಿಗೆ, ಸೊಪ್ಪು ತುಂಬಿದ ಮೇಲೆ ಒಲೆಯ ಶಾಖ ಏರದಂತೆ, ಇಳಿಯದಂತೆ ಒಬ್ಬರು ಅಲ್ಲೇ ಬಿದ್ದಿರಬೇಕು. ಅಪ್ಪ ಹೊಲದಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಅವ್ವ ಮೇಷ್ಟ್ರ ಕೈಯಿಂದ ಬರಲನ್ನು ತೆಗೆದುಕೊಂಡು, ಅವರು ನೋಡುತ್ತಿದ್ದಂತೆಯೇ ಒಲೆಗೆ ಹಾಕಿದಳು. "ನೀವ್ ಯೋಳ್ಕೊಡಿ ಸಾ. ಅವ್ರಿಗೆ ನಾನ್ ಯೋಳಕಿಲ್ಲ," ಅಂದಳು.

ಆ ಬೇಯಿಸುವ ಕಾಲ ಮುಗಿಯುವವರೆಗೆ ನಾವು ಕೆಲವೇ ಮಕ್ಕಳು ಕಲಿತದ್ದನ್ನು ನಾನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ಅಕ್ಷರ ತೀಡುವುದು. ತಪ್ಪಾದರೆ ಮೊರ ಅಲುಗಿಸಿದರೆ ಆಯಿತು, ತಪ್ಪು ಉಳಿಯುತ್ತಿರಲಿಲ್ಲ. ಹೊಂಗೆ ಬೀಜವನ್ನು ಎರಡೆರಡಾಗಿ ಜೋಡಿಸಿ, ಒಂಟಿ ಉಳಿದದ್ದಕ್ಕೆ ಹೆಸರಿಡುವುದು. ಮಧ್ಯಾಹ್ನ ನಿದ್ದೆ ಬಂದವರು ಮಲಗಬಹುದು. ಎದ್ದಮೇಲೆ ಅವರಿಗಾಗಿ ಕತೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಎಚ್ಚರವಿದ್ದವರು ತಕರಾರು ಮಾಡಿದರೆ ನರಿಯನ್ನು ಬಿಟ್ಟು ತೋಳವನ್ನು ಹಾಕುತ್ತಿದ್ದರು. ಅಣ್ಣನ ಪಟ್ಟಿ ಬಿಚ್ಚಿದ ಮೇಲೆ ಎಡಗೈಯಲ್ಲೇ ತೀಡು ಎಂದರು. ಅವನು ಅವರ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಅವರು ತಮ್ಮ ಎಡಗೈಯನ್ನು ರಾಗಿಗೆ ಇಟ್ಟು, ಅಂಕುಡೊಂಕಾಗಿ "ಅ" ಬರೆದು ತೋರಿಸಿದರು. ಮಕ್ಕಳೆಲ್ಲ ನಕ್ಕರು. ಆಗ ಅಣ್ಣ ಕೈ ಇಟ್ಟ.

ಅದು ಸುಲಭವಾಗೇನೂ ನಡೆಯಲಿಲ್ಲ. ಎಷ್ಟೋ ಸಲ ಮೇಷ್ಟ್ರ ಬಲಗೈ ತಾನಾಗಿ ಮೂಲೆಯ ಕಡೆ ಚಾಚುತ್ತಿತ್ತು. ಅಲ್ಲಿ ಡಬ್ಬ ಇರುತ್ತಿರಲಿಲ್ಲ. ಅವರು ಎದ್ದು ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬರುತ್ತಿದ್ದರು.

ಅಪ್ಪನಿಗೆ ಗೊತ್ತಾದದ್ದು ಕಂಪಲಾಪುರದ ಚಹಾ ಅಂಗಡಿಯಲ್ಲಿ. "ನಿಮ್ಮನೆ ಬರ್ಲೂ ವಾಪಸ್ ಬಂತಂತೆ ಕಣ್ಲಾ, ಆದ್ರೂ ಮಕ್ಳುನ್ನ ಕಳುಸ್ತಿದ್ದೀಯಲ್ಲ, ನಾಚ್ಕೆ ಆಗಕಿಲ್ವಾ," ಎಂದು ಯಾರೋ ಕೆಣಕಿದರಂತೆ. ಇದು ಕೇಳಿದ್ದು. ಮುಂದಿನದು ಕಂಡದ್ದು.

ಅಪ್ಪ ಬೀದಿಯಲ್ಲಿ ಬರುವಾಗಲೇ ಕೈಯಲ್ಲಿ ಬರಲು ಇತ್ತು. ಆಗ ತಾನೇ ಮುರಿದದ್ದು, ಎಲೆ ಕೂಡ ಪೂರ್ತಿ ಸವರಿರಲಿಲ್ಲ. ಮೇಷ್ಟ್ರು ಮೊರ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಮೊದಲ ಏಟು ಕುತ್ತಿಗೆಗೆ ಬಿತ್ತು. ರಾಗಿ ಚೆಲ್ಲಿತು. ಎರಡನೆಯದಕ್ಕೆ ಕನ್ನಡಕ ಹಾರಿ ಅಂಗಳಕ್ಕೆ ಬಿತ್ತು. ಅಪ್ಪ ಮುಂದೆ ಬಂದು ಅದನ್ನು ತುಳಿದ. "ನನ್ ಮನೆ ತಟ್ಟೆ ಒದೀತೀಯಾ," ಎಂದು ಕೇಳುತ್ತಾ ಹೊಡೆದ. ಬೆನ್ನಿನ ಅಂಗಿ ಹರಿಯಿತು, ಗೆರೆಗಳಲ್ಲಿ ರಕ್ತ ಒಸರಿ ಅಂಗಿಗೆ ಅಂಟಿತು. ಬರಲು ಮುರಿದ ಮೇಲೆ ಕಾಲಿನಿಂದ ಒದ್ದ. ಬೀದಿಯಲ್ಲಿ ಗಂಡಸರು ನಿಂತು ನೋಡುತ್ತಿದ್ದರು. ಕೆಲವರು ಸಾಕು ಬುಡ್ಲಾ ಅಂದರು, ಮುಂದೆ ಬಂದು ತಡೆಯಲಿಲ್ಲ. ಮೇಷ್ಟ್ರು ಕೈ ಅಡ್ಡ ಹಿಡಿಯಲಿಲ್ಲ. ನೆಲಕ್ಕೆ ಕೆನ್ನೆ ಊರಿಕೊಂಡೇ ನಮ್ಮ ಕಡೆ ನೋಡಿ, "ಮಕ್ಳೇ, ಆ ಕಡೆ ತಿರುಕ್ಕೊಳ್ಳಿ," ಅಂದರು.

ನಾವು ತಿರುಗಿಕೊಂಡೆವು. ಗೋಡೆ ನೋಡುತ್ತಾ ನಿಂತ ಮೇಲೂ ಸದ್ದು ಕೇಳುತ್ತಿತ್ತು...

ಆ ಸಂಜೆ ಅವ್ವನಿಗೂ ಬಿತ್ತು. ಅಣ್ಣ ಅದಾದ ಮೇಲೆ ಬಲಗೈಯಲ್ಲಿ ಬರೆಯಲು ಕಲಿತ, ತೊದಲಲೂ ಕಲಿತ. ಈಗ ಕೆ.ಆರ್. ನಗರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಸ್ಪ್ಯಾನರ್ ಹಿಡಿಯುವುದು ಎಡಗೈಯಲ್ಲಿ. ಗಿರಾಕಿಗಳ ಹತ್ತಿರ ಮಾತು ಕಡಿಮೆ. ಮೇಷ್ಟ್ರು ಒಂದು ವಾರದೊಳಗೆ ಸಾಮಾನು ಕಟ್ಟಿಕೊಂಡು ಭೇರ್ಯದ ಹತ್ತಿರ ಮಗಳ ಮನೆಗೆ ಹೋದರು. ಬಸ್ಸು ಹತ್ತಿಸಲು ನಮ್ಮೂರಿನಿಂದ ಯಾರೂ ಹೋಗಲಿಲ್ಲ. ಈ ವರ್ಷ ಮಗಳಿಗೆ ಏನು ಕಲಿಸಲಿ ಎಂದು ಯೋಚಿಸುವಾಗ ಅವರನ್ನೇ ಹೋಗಿ ಕೇಳೋಣ ಅನ್ನಿಸಿ, ಅಣ್ಣನ ಕೈಲಿ ವಿಚಾರಿಸಿದೆ. ಅವರು ತೀರಿಹೋಗಿ ಬಹಳ ಕಾಲ ಆಯಿತಂತೆ.

ಇದನ್ನೆಲ್ಲ ನಾನು ಭಾನುವಾರ ಅಪ್ಪನಿಗೆ ಹೇಳಲಿಲ್ಲ. ನೋಡೋಣ ಅಂದುಕೊಂಡೆ. ಹೊಲಿಗೆಯೂ ನಡೆಯಬೇಕಿತ್ತು. ಸೋಮವಾರ ಬೆಳಿಗ್ಗೆ ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು ಎಣಿಸಲು ಹೇಳಿಕೊಡುತ್ತಿದ್ದ. ಅವಳು ಆರಾದ ಮೇಲೆ ಎಂಟು ಅಂದಳು. ಏಳು ಎಂದು ತಿದ್ದಿದ. ಮತ್ತೆ ಎಂಟು ಅಂದು ನಕ್ಕಳು. ಅಪ್ಪ ಬೆರಳು ಮಡಿಸಿ ನೆತ್ತಿಯ ಮೇಲೆ ಮೊಟಕಿದ. ಅವಳ ನಗು ನಿಂತಿತು. ನಾನು ಮಿಷನ್ನಿನಿಂದ ಎದ್ದೆ.

"ಅಪ್ಪ, ಅವತ್ತು ಮೇಷ್ಟ್ರಿಗೆ ಯಾಕಂಗೆ ಹೊಡ್ದೆ?"

ಯಾವ ಮೇಷ್ಟ್ರು ಎಂದು ಅವನು ಕೇಳಲಿಲ್ಲ. "ಮನೆ ಮರ್ವಾದೆ ಕಣವ್ವ. ನಮ್ಮಪ್ಪನೂ ನಂಗೆ ಹೊಡ್ದೇ ಬೆಳ್ಸುದ್ದು. ನಾನೇನ್ ಕೆಟ್ಟೋದ್ನಾ?"

"ಅಣ್ಣ ಇವತ್ತಿಗೂ ನಿನ್ ಮುಂದೆ ಒಂದ್ ಮಾತು ಪೂರ್ತಿ ಆಡಲ್ಲ ಕಣಪ್ಪ."

ಮೊಮ್ಮಗಳು ಎದ್ದು ಬಂದು ನನ್ನ ಸೀರೆಯ ಹಿಂದೆ ನಿಂತಿದ್ದಳು. ಅಪ್ಪ ಅವಳನ್ನು ಕರೆದ. ಅವಳು ಹೋಗಲಿಲ್ಲ.

"ನೀನು ಬಂದು ಹೋಗ್ತಿರು, ಉಣ್ಣು, ಇವಳನ್ನ ಎತ್ಕೊಂಡು ತಿರುಗು. ಪಾಠಕ್ಕೆ ಮಾತ್ರ ಕೂರಬೇಡ. ಈ ವರ್ಷ ಇಲ್ಲಿ ಉಳಿಯೋದು ಬೇಡ ಅಪ್ಪ," ಅಂದೆ.

"ಅಪ್ಪನ್ನೇ ಆಚೆ ಹಾಕ್ತಿದ್ದೀಯಾ?"

"ಊಂ," ಅಂದೆ.

ತಿಂಡಿ ಮುಟ್ಟದೆ, ಟವಲ್ ಹೆಗಲಿಗೆ ಹಾಕಿಕೊಂಡು ಹೊರಟ. ಆಟೋ ಕರೆಯಲೇ ಎಂದೆ. ಕೇಳಿಸಿಕೊಳ್ಳದವನ ಹಾಗೆ ಬಸ್ ನಿಲ್ದಾಣದ ಕಡೆ ನಡೆದ. ಮೊಣಕಾಲು ನೋವಿದೆ ಅವನಿಗೆ, ರಸ್ತೆಯ ತಿರುವಿನಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡ. ತಿರುಗಿ ನೋಡಲಿಲ್ಲ. ಆಮೇಲೆ ಅವ್ವ ಫೋನ್ ಮಾಡಿದಳು. ಅಪ್ಪ ಮನೆ ಸೇರಿದ್ದಾನೆ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ.

ಇಡೀ ದಿನದಲ್ಲಿ ಒಂದೇ ಒಂದು ರವಿಕೆ ಮುಗಿಯಿತು. ಉಳಿದವರಿಗೆ ಫೋನ್ ಮಾಡಿ, ಇನ್ನು ಮುಂದೆ ಹೊಲಿಗೆ ನಿಧಾನವಾಗುತ್ತದೆ, ಅವಸರ ಇದ್ದವರು ಬೇರೆ ಕಡೆ ಕೊಡಿ ಎಂದು ಹೇಳಿದೆ. ಇಬ್ಬರು ಬಂದು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ನಾನು ಮಗಳ ಎದುರಿಗೆ ನೆಲದ ಮೇಲೆ ಕೂತೆ.

"ತಾತ ಎಲ್ಲಿ?" ಎಂದಳು.

"ಊರಿಗೆ ಹೋದ್ರು."

ಅವಳು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು. ಆಮೇಲೆ ತಾನೇ ಎಣಿಸಲು ಶುರು ಮಾಡಿ, ಆರರ ಹತ್ತಿರ ಬಂದು ನಿಂತು, ಒಂದು ಕೈಯಿಂದ ನೆತ್ತಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದೆ. ತುಂಬ ಹೊತ್ತು ಹಿಡಿಯಿತು, ಅವಳ ಕೈ ಕೆಳಗೆ ಇಳಿಯಲು.