ಬಸವಣ್ಣ ಕೂತಿದ್ದ ಗಾಳಿಮುಚ್ಚಳ

ನಮ್ಮ ಮಾವನವರು ಕಾರು ತಂದಾಗ ನಾನು ಹುಬ್ಬಳ್ಳಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಯುದ್ಧ ಇನ್ನೂ ಶುರುವಾಗಿರದ ಕಾಲ. ರೈಲ್ವೆಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಅವನ ಕರಿ ಕಾರಿನ ಜೊತೆಗೆ, ಅದನ್ನು ಓಡಿಸಿ ರಿಪೇರಿ ಮಾಡುತ್ತಿದ್ದ ಮುಸಲ್ಮಾನ ಮಿಸ್ತ್ರಿಯೂ ನಮ್ಮ ಮನೆಗೆ ಬಂದರು. ನಮ್ಮದು ಹತ್ತಿ ವ್ಯಾಪಾರದ ಮನೆ. ಅಂಗಳದ ಮೂಲೆಯ ಹತ್ತಿಯ ಕೋಣೆಯನ್ನು ಖಾಲಿ ಮಾಡಿ ಕಾರಿಗೆ ಬಿಟ್ಟುಕೊಟ್ಟರು.

ಮೊದಲು ಪೂಜೆ ಆಗಬೇಕಲ್ಲ. ಕಾರಿನ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಅಂಗೈ ಅಗಲದ ಒಂದು ತಗಡಿನ ಚೌಕವಿತ್ತು. ನೋಡಲು ಪುಟ್ಟ ಮಣೆಯ ಹಾಗೆ. ಅದು ದೇವರಿಗೆಂದೇ ಮಾಡಿದ ಜಾಗ ಅಂತ ಮಾವನವರಿಗೆ ಅನ್ನಿಸಿತು. ಅರಗು ಕರಗಿಸಿ ಸುರಿಸಿ, ದೇವರ ಜಗಲಿಯ ಮೇಲಿದ್ದ ಹಿತ್ತಾಳೆಯ ನಂದಿಯನ್ನು, ನಾವು ಬಸವಣ್ಣ ಎನ್ನುವುದನ್ನು, ಅದರ ಮೇಲೆ ಕೂರಿಸಿದರು. ಅರಗು ಸುತ್ತಲೂ ಹರಿದು ಗಟ್ಟಿಯಾಯಿತು. ಮಿಸ್ತ್ರಿ ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಹೊಸ ಸೊಸೆ, ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಮೊದಲ ಸವಾರಿ ಧಾರವಾಡಕ್ಕೆ. ಮುಂದೆ ಮಿಸ್ತ್ರಿಯ ಪಕ್ಕದಲ್ಲಿ ಮಾವನವರು, ಹಿಂದೆ ಅತ್ತೆ ಮತ್ತು ನಾನು. ಹೆಂಗಸರು ಪೇಟೆಯಲ್ಲಿ ಎಲ್ಲರಿಗೂ ಕಾಣಬಾರದು ಎಂದು ಹಿಂದಿನ ಕಿಟಕಿಗಳಿಗೆಲ್ಲ ದಪ್ಪ ಪರದೆ. ಪರದೆ ಸರಿಸಿ ಗಾಜು ಇಳಿಸಿದರೋ, ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ಅತ್ತೆಗೆ ಮೊದಲೇ ದಮ್ಮು. ಉಣಕಲ್ಲು ದಾಟುವಷ್ಟರಲ್ಲಿ ಅವರ ಎದೆ ಸಿಳ್ಳೆ ಹಾಕತೊಡಗಿತು. ನನ್ನ ಕೈಯನ್ನು ಹಿಡಿದ ಅವರ ಕೈ ತಣ್ಣಗಾಗಿತ್ತು. ಕಾರು ನಿಲ್ಲಿಸಿ, ಹುಣಸೆಮರದ ಕೆಳಗೆ ಕೂರಿಸಿ, ನೀರು ಕುಡಿಸಿದೆವು. ಉಸಿರು ಸಿಕ್ಕ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು.

"ಇನ್ನ ಈ ಪೆಟಗ್ಯಾಗ ನಾ ಕುಂದರಂಗಿಲ್ಲ."

ಮಾವನವರು ಮುಖ ಸಣ್ಣದು ಮಾಡಿಕೊಂಡರು. ನನಗೆ ಮಾತ್ರ ಅವರ ಮೇಲೆ ಸಿಟ್ಟು ಬಂತು. ಮುಂದೆ ಕೂತವರಿಗೆ ಹಿಂದಿನವರ ಸಂಕಟ ಏನು ಗೊತ್ತು!

ಆ ಮಾತನ್ನು ಅತ್ತೆ ಮರೆಯುವಂತೆಯೂ ಇರಲಿಲ್ಲ, ಉಳಿಸಿಕೊಳ್ಳುವಂತೆಯೂ ಇರಲಿಲ್ಲ. ಎರಡು ತಿಂಗಳಲ್ಲಿ ಗರಗದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಅವರ ಒಬ್ಬಳೇ ಮಗಳು, ನನ್ನ ನಾದಿನಿ, ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ ಮಾಡಬೇಕು. ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತಗೊಂಡು ತವರಿನವರು ಹೋಗಿ ಬಸುರಿಗೆ ತೊಡಿಸುವ ಶಾಸ್ತ್ರ ಅದು. ತಾಯಿಯ ಕೈಯಿಂದಲೇ ಆಗಬೇಕೆಂದು ಯಾವ ತಾಯಿಗೆ ಆಸೆ ಇರುವುದಿಲ್ಲ? ಧಾರವಾಡದ ತನಕ ರೈಲು ಸರಿ, ಅಲ್ಲಿಂದ ಮುಂದೆ ಚಕ್ಕಡಿ. ಆ ದಾರಿಯ ಧೂಳಲ್ಲಿ ಅತ್ತೆ ಅರ್ಧ ಹಾದಿಯೂ ದಾಟುತ್ತಿರಲಿಲ್ಲ. ಅವರ ಬದಲು ಮಾವನವರ ತಂಗಿ ಹೋಗಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅತ್ತೆ ಹಸಿರು ಖಣದ ಕುಬಸವನ್ನು ಮಾತ್ರ ತಾವೇ ಹೊಲಿಯುತ್ತಿದ್ದರು. ಒಂದು ದಿನ ಸೂಜಿ ನಿಲ್ಲಿಸಿ, ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೂತದ್ದನ್ನು ಕಂಡೆ. ನನ್ನ ತಾಯಿ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡವಳು. ತಾಯಿಯೊಬ್ಬಳು ಮಗಳಿಗಾಗಿ ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಆ ದಿನಗಳಲ್ಲಿ ಸೋಮವಾರ ಸೋಮವಾರ ಕಾರಿನ ಬಸವಣ್ಣನಿಗೆ ವಿಭೂತಿ ಹಚ್ಚುವ ಕೆಲಸ ನನ್ನದಾಗಿತ್ತು. ಹಚ್ಚಿ ಬೇಗ ಬರುತ್ತಿರಲಿಲ್ಲ ನಾನು. ಮುಂದಿನ ಸೀಟಿನಲ್ಲಿ ಕೂತು, ಎದುರಿನ ಹಲಗೆಯಲ್ಲಿದ್ದ ಗುಂಡು ಗುಂಡು ಗಾಜುಗಳನ್ನು ಒರೆಸುವ ನೆಪದಲ್ಲಿ ನೋಡುತ್ತಿದ್ದೆ. ಮಿಸ್ತ್ರಿ ನೆಲದ ಮೇಲೆ ಕೂತು ಯಾವುದೋ ಸಾಮಾನಿಗೆ ಎಣ್ಣೆ ಹಾಕುತ್ತ ಒಂದೊಂದನ್ನೇ ಹೇಳಿಕೊಟ್ಟರು. ಈ ಮುಳ್ಳು ಪೆಟ್ರೋಲಿನದು, ಇದು ಎಣ್ಣೆಯ ಒತ್ತಡ, ಇದು ನೀರಿನ ಕಾವು, ಇದು ಬ್ಯಾಟರಿ.

"ಮುಳ್ಳು ನಡೂ ಗೆರಿಯಿಂದ ಈ ಕಡಿ ಬಂತಂದ್ರ ಬ್ಯಾಟರಿ ಉಣ್ಣಾಕತ್ತೈತಿ ಅಂತ ತಿಳೀರಿ, ಆ ಕಡಿ ಹೋತಂದ್ರ ಖರ್ಚ ಆಗಾಕತ್ತೈತಿ," ಅಂದರು.

ಒಂದು ಗುಂಡಿ ತಿರುಗಿಸಿದರೆ ಗಾಜುಗಳ ಹಿಂದೆ ಸಣ್ಣ ದೀಪ ಹತ್ತುತ್ತಿತ್ತು. ಹಗಲಿನಲ್ಲೂ ಮಬ್ಬಾಗಿದ್ದ ಆ ಕೋಣೆಯಲ್ಲಿ ಅದು ನಮ್ಮ ದೇವರಮನೆಯ ಬೆಳಕಿನಂತಿತ್ತು. ಗುಂಡಿಯನ್ನು ಅರ್ಧ ತಿರುಗಿಸಿದರೆ ಬೆಳಕು ಕಡಿಮೆ, ಪೂರ್ತಿ ತಿರುಗಿಸಿದರೆ ಜಾಸ್ತಿ. ನನಗೋ ಅದೊಂದು ಆಟವೇ ಆಯಿತು.

ಹೀಗೆ ತಡಕಾಡುವಾಗ ಹಲಗೆಯ ಕೆಳಗೆ ಒಂದು ಹಿಡಿ ಕೈಗೆ ಸಿಕ್ಕಿತು. ಮುಂದಕ್ಕೆ ದಬ್ಬಿದೆ, ಅಲ್ಲಾಡಲಿಲ್ಲ.

"ಕಾಕಾ, ಇದೇನ್ರಿ?"

ಮಿಸ್ತ್ರಿ ನನ್ನ ಕೈ ನೋಡಿದರು, ಗಾಜಿನಾಚೆಯ ಬಸವಣ್ಣನನ್ನು ನೋಡಿದರು. "ಅದನ್ನ ಬಿಡ್ರಿ ತಂಗೀ."

ಬಿಡು ಅಂದರೆ ಬಿಡುವ ಜಾತಿ ನನ್ನದಲ್ಲ. "ಹೇಳೂತನಕ ನಾ ಇಲ್ಲಿಂದ ಏಳಂಗಿಲ್ಲ ನೋಡ್ರಿ," ಅಂದೆ.

ಅವರು ಅರಿವೆಯಿಂದ ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಅದು ಗಾಳಿ ಹಿಡಿರಿ. ಹಿಂಗ ದಬ್ಬಿದ್ರ ಗಾಜಿನ ಮುಂದಿನ ಮುಚ್ಚಳ ಏಳತೈತಿ, ತಣ್ಣನ ಗಾಳಿ ಹಿಂದಿನ ಸೀಟಿನ ಮಟಾ ಹೋಗತೈತಿ. ಧೂಳಿ ಗಾಲಿ ಹಿಂದ ಏಳೂದ್ರಿ, ಮುಂದಿನ ಗಾಳಿಯೊಳಗ ಇರೂದಿಲ್ಲ. ಆದ್ರ ಆ ಮುಚ್ಚಳದ ಮ್ಯಾಲ ದೇವ್ರು ಕುಂತಾನ."

"ಮೊದಲ ಯಾಕ ಹೇಳಲಿಲ್ರಿ?"

"ನಾ ಹ್ಯಾಂಗ ಹೇಳ್ಲಿ ತಂಗೀ? ನಿಮ್ಮ ದೇವ್ರನ್ನ ಎಬಸ್ರಿ ಅಂತ, ನಾ?"

ಅವರ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಉಣಕಲ್ಲಿನ ಹುಣಸೆಮರದ ಕೆಳಗೆ ಅತ್ತೆಗಾಗಿ ಓಡಿಹೋಗಿ ನೀರು ತಂದದ್ದು ಇದೇ ಮನುಷ್ಯ. ಅಂದಿನಿಂದ ಈ ಮಾತನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗಿದ್ದರು, ಪಾಪ.

ನೇರ ಅತ್ತೆಯ ಬಳಿ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೇನೋ ಎಂದು ಅಂಜಿದ್ದೆ. ಅವರು ಹೊಲಿಗೆ ಕೆಳಗಿಟ್ಟು ನಕ್ಕರು. ಎಷ್ಟೋ ದಿನಗಳ ಮೇಲೆ ಕಂಡ ನಗು.

"ಬಸವಣ್ಣ ನನ್ನ ಉಸರಿನ ಮ್ಯಾಲ ಕುಂತಾನಂತ ಅವಗರೆ ಏನ ಗೊತ್ತವಾ? ನಾವ ಹೇಳಬೇಕು."

ಮರುದಿನ ಲಿಂಗಪೂಜೆ ಮುಗಿಸಿಕೊಂಡು, ಇಕ್ಕಳದಲ್ಲಿ ಕೆಂಡ ಹಿಡಿದು ಅತ್ತೆ ಕಾರಿನ ಕೋಣೆಗೆ ನಡೆದರು. ನಾನು ಹಿಂದೆ. ಅರಗಿಗೆ ಕೆಂಡದ ಕಾವು ತೋರಿಸುತ್ತ, "ಸ್ವಲ್ಪ ಸರೀಯಪ್ಪಾ, ಮಗಳ ಮನಿಗೆ ಹೋಗೂದೈತಿ," ಎಂದು ಕೂಸಿಗೆ ಹೇಳಿದಂತೆ ಹೇಳುತ್ತಿದ್ದರು. ಬಸವಣ್ಣ ಅವರ ಕೈಗೆ ಬರುವುದಕ್ಕೂ ಮಾವನವರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏನ ನಡದೈತಿ ಇಲ್ಲೆ? ದೇವ್ರನ್ನ ಕೀಳೂದಂದ್ರೇನು!"

ಅತ್ತೆ ಬಸವಣ್ಣನನ್ನು ಸೆರಗಿನಲ್ಲಿ ಹಾಕಿಕೊಂಡರು. "ಜಗಳ ಆಮ್ಯಾಲ ಮಾಡ್ರಿ. ಒಮ್ಮಿ ಹಿಂದ ಕುಂದರ್ರಿ."

ಹಿಂದಿನ ಸೀಟಿನಲ್ಲಿ ಅವರು ಒಮ್ಮೆಯೂ ಕೂತವರಲ್ಲ. ಏನನ್ನಿಸಿತೋ, ಕೂತರು. ಅತ್ತೆ ಎರಡೂ ಕಡೆಯ ಪರದೆ ಎಳೆದು ಬಾಗಿಲು ಹಾಕಿದರು. ಮುಚ್ಚಳ ಮುಚ್ಚಿದ್ದ ಹಾಗೆಯೇ ಮಿಸ್ತ್ರಿ ಕಾರನ್ನು ಉಣಕಲ್ಲಿನ ದಾರಿಯಲ್ಲಿ ಸ್ವಲ್ಪ ದೂರ ಓಡಿಸಿಕೊಂಡು ಬಂದರು. ಇಳಿದಾಗ ಮಾವನವರ ತಲೆಯ ಪಟಗ ಕೈಯಲ್ಲಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಆ ಪಟಗದಿಂದಲೇ ಮುಖ ಒರೆಸಿಕೊಂಡರು.

"ನನಗ ಗೊತ್ತ ಇರಲಿಲ್ಲ," ಎಂದರು ಅತ್ತೆಗೆ. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, "ಬಸವಣ್ಣನ್ನ ಒಳಗ ಕುಂದರಸೋಣು. ಜಾಗಾ ನೀ ತೋರಸು," ಎಂದರು.

ಗರಗಕ್ಕೆ ನಾವೆಲ್ಲ ಹೋದೆವು. ಮುಚ್ಚಳ ಎದ್ದಿತ್ತು, ಕೆಲಗೇರಿ ಕೆರೆಯ ಹತ್ತಿರ ಬಂದಾಗ ನೀರಿನ ತಂಪು ನಮ್ಮ ಮುಖಕ್ಕೇ ಬಂದು ತಾಗಿತು. ಅತ್ತೆ ದಾರಿಯುದ್ದಕ್ಕೂ ಮುಂದಕ್ಕೆ ಬಾಗಿ, "ಮುಳ್ಳ ಎಲ್ಲೈತ್ರಿ? ಕಾವು ಏರಿಲ್ಲಲ್ಲ?" ಎಂದು ಕೇಳಿ ಕೇಳಿ ಮಿಸ್ತ್ರಿಯ ತಲೆ ತಿಂದರು. ಎದೆ ಸಿಳ್ಳೆ ಹಾಕಲಿಲ್ಲ. ಹೊಸ್ತಿಲಲ್ಲಿ ತಾಯಿಯನ್ನು ಕಂಡ ನಾದಿನಿ ಅವರನ್ನು ಅಪ್ಪಿಕೊಂಡಳು. ಕುಬಸದ ಗುಂಡಿಗಳನ್ನು ಅತ್ತೆ ಒಂದೊಂದಾಗಿ ತಮ್ಮ ಕೈಯಿಂದಲೇ ಹಾಕಿದರು.

ಮರುವರ್ಷ ನಾನು ಬಸುರಾದೆ. ಏಳನೆಯ ತಿಂಗಳು ಬಂದರೂ ಕುಬಸದ ಮಾತನ್ನು ಯಾರೂ ಎತ್ತಲಿಲ್ಲ. ತವರಿನಲ್ಲಿ ಯಾರಿದ್ದರು ತರಲು? ನಾನೂ ಕೇಳಲಿಲ್ಲ. ಕೇಳದೆ ಒಳಗೊಳಗೇ ಕುದಿಯುತ್ತಿದ್ದೆ, ಅತ್ತೆಯ ಮೇಲೂ ಸಿಡುಕುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅವರು ಹಿತ್ತಲ ಬಾಗಿಲಿನಿಂದ ಹೋಗಿ ಕಾರು ಹತ್ತಿದ್ದು ಕಾಣಿಸಿತು. ನನಗೆ ಒಂದು ಮಾತೂ ಹೇಳದೆ ಹೊರಟರಲ್ಲ ಎಂದು ಕಣ್ಣೀರು ಬಂತು.

ತಾಸಿನ ಮೇಲೆ ಕಾರು ಮುಂಬಾಗಿಲಿಗೆ ಬಂದು ನಿಂತಿತು. ಅತ್ತೆ ಮುಂದಿನ ಸೀಟಿನಲ್ಲಿದ್ದರು, ಪರದೆಯಿಲ್ಲದ ಜಾಗದಲ್ಲಿ ಗಾಜನ್ನೂ ಇಳಿಸಿಕೊಂಡು, ಕೈ ಆ ಗಾಳಿ ಹಿಡಿಯ ಮೇಲೆ. ಇಳಿದವರು ಒಳಗೆ ಬರಲಿಲ್ಲ. ಹೊರಗಿನ ಬೀಗರಂತೆ ಹೊಸ್ತಿಲಾಚೆಯೇ ನಿಂತರು. ಕಂಕುಳಲ್ಲಿ ಹಸಿರು ಗಂಟು, ಹುಬ್ಬಿನ ಮೇಲೆಲ್ಲ ಕೆಂಪು ಧೂಳು.

"ಎಲ್ಲಿಗೆ ಹೋಗಿದ್ರಿ ಅತ್ತೀ?"

"ಗಬ್ಬೂರತನಕ ಹೋಗಿ ಹೊಳ್ಳಿ ಬಂದೆ. ಕುಬಸ ಊರ ಹೊರಗಿಂದ ಬರಬೇಕಲ್ಲವಾ," ಎಂದರು. ಸ್ವಲ್ಪ ಏದುಸಿರಿತ್ತು, ಆದರೂ ನಗುತ್ತಿದ್ದರು. "ನಿಮ್ಮ ತವರಮನ್ಯಾರು ಬಂದೀವಿ. ಕಾಲಿಗೆ ನೀರ ಕೊಡು."