ಆನೆಗೆ ಹಕಾರವಿಲ್ಲ

ಸಂಜೆ ಐದು ಮುಕ್ಕಾಲಿಗೆ ಸುಧಾಮಣಿ ಗುಂಡ್ಲುಪೇಟೆಯ ಸಭಾಂಗಣವೊಂದರ ಹಿಂಬದಿಯಲ್ಲಿ, ಬಾಯಿಯ ಮುಂದೆ ಬಸ್ ಟಿಕೆಟ್ ಹಿಡಿದುಕೊಂಡು "ಹೊಲ, ಹೊಲ" ಎನ್ನುತ್ತಿದ್ದಳು. ಹಕಾರ ಸರಿಯಾಗಿ ಹೊರಟರೆ ಉಸಿರು ತಗುಲಿ ಟಿಕೆಟ್ ಅಲುಗಬೇಕು. ಅಲುಗಿತು. ಆಮೇಲೆ "ಆನೆ" ಎಂದಳು. ಈಗ ಅದು ಅಲುಗಬಾರದು. ಮತ್ತೆ ಅಲುಗಿತು.

ಆರೂವರೆಗೆ ನಾಟಕ.

ಅವಳ ಊರು ತೆರಕಣಾಂಬಿ. ಅಪ್ಪ ಶಂಭುಲಿಂಗಪ್ಪನವರು ಅರಿಸಿನ ಬೆಳೆಯುವವರು. ಪದವಿ ಮುಗಿಸಿದ ಮಗಳು ಚಾಮರಾಜನಗರದಲ್ಲಿ ಬೇಸಿಗೆಯ ರಂಗ ತರಬೇತಿಗೆ ಸೇರುತ್ತೇನೆಂದಾಗ ಅವರು ಜಗಳ ತೆಗೆಯಲಿಲ್ಲ. "ಒಂದು ಬ್ಯಾಸ್ಗೆ ಕುಣ್ಕೊಂಡು ಬಾ ಕಣಮ್ಮಿ. ತಂಡದೋರು ಮಡೀಕಂಡ್ರೆ ಸರಿ, ಇಲ್ದಿದ್ರೆ ತೆಪ್ಪಗೆ ಬಿ.ಎಡ್. ಸೇರ್ಕೊ" ಎಂದರು. ತರಬೇತಿ ಮುಗಿಯುವಾಗ ಒಬ್ಬಳೇ ಹುಡುಗಿಯನ್ನು ವರ್ಷಪೂರ್ತಿ ಊರೂರು ತಿರುಗುವ ತಂಡಕ್ಕೆ ಆರಿಸುತ್ತಿದ್ದರು.

ಆರಿಸುವವರು ಗುರುಮಲ್ಲಯ್ಯ ಮೇಷ್ಟ್ರು. ನಾಟಕ ಬರೆದವರೂ ಆಡಿಸುವವರೂ ಅವರೇ. ಹಳೆಯ ಗೋಡೌನಿನ ತಗಡಿನ ಸೂರಿನಡಿ ಬೆಳಿಗ್ಗೆ ಕಸ ಗುಡಿಸಿ ಗಂಟಲು ಪಳಗಿಸುವುದು, ಮಧ್ಯಾಹ್ನ ಅಡುಗೆಯ ಸರದಿ, ಆಮೇಲೆ ರಾಜನ ಅಂಗಿಗೆ ಜರಿ ಹೊಲಿಯುವುದು, ಬಿಸಿಲಿಳಿದ ಮೇಲೆ ತಾಲೀಮು. ಸುಧಾಮಣಿ ಯಾವುದಕ್ಕೂ ಹಿಂದೆ ಬೀಳಲಿಲ್ಲ. ತೊಡಕಿದ್ದದ್ದು ಒಂದೇ ಸಾಲಿನಲ್ಲಿ. ಬೇಸಾಯಗಾರ ಹೆಣ್ಣೊಬ್ಬಳು ರಾಜನೆದುರು ನಿಂತು ಹೇಳಬೇಕು: "ಅರಸಾ, ನಿನ್ನ ಆನೆ ನನ್ನ ಹೊಲ ಹೊಕ್ಕಿದೆ."

ಮೊದಲ ದಿನ "ಒಲ ಒಕ್ಕಿದೆ" ಎಂದಳು. ಊರಿನಲ್ಲಿ ಎಲ್ಲರೂ ಆಡುವುದು ಹಾಗೆಯೇ. ಮೇಷ್ಟ್ರು ತಿದ್ದಿದರು. ಆ ಹಕಾರ ಎಲ್ಲಿ ಕೂರಬೇಕೆಂದು ತಿಳಿಯದೆ ಸಿಕ್ಕಲ್ಲೆಲ್ಲ ಕೂತಿತು: "ಹರಸಾ, ನಿನ್ನ ಹಾನೆ ನನ್ನ ಹೊಲ ಹೊಕ್ಕಿದೆ!" ಗೋಡೌನೆಲ್ಲ ಬಿದ್ದು ಬಿದ್ದು ನಕ್ಕಿತು.

ಅಂದಿನಿಂದ ರಾಜನ ಪಾತ್ರದ ಕುದೇರಿನ ಶಶಿಕುಮಾರನಿಗೆ ಅದೇ ಆಟ. ಅವಳು ಸಾರಿನ ಪಾತ್ರೆ ಹಿಡಿದು ಬಂದರೆ ಸಾಕು, "ದಾರಿ ಬುಡ್ರಲಾ, ಹಾನೆ ಬಂತು! ಹನ್ನ ಆಯ್ತೇನಮ್ಮಿ?" ಎನ್ನುತ್ತಿದ್ದ.

"ನಿಂಗೆ ಬರೀ ಸಾರೇ ಗತಿ, ಓಗು" ಎಂದು ಇವಳು.

ಮಾತುಕತೆಯಲ್ಲಿ ಮೇಷ್ಟ್ರೂ 'ಓಗು' ಎನ್ನುವವರೇ. ರಂಗದ ಮೇಲೆ ಮಾತ್ರ ಬಿಡುತ್ತಿರಲಿಲ್ಲ. "ಗುಂಡ್ಲುಪೇಟೆ ಶೋನಲ್ಲಿ ಈ ಸಾಲು ನೆಟ್ಟಗೆ ಬಂದ್ರೆ ತಂಡದ ಜಾಗ ನಿಂದು. ಇಲ್ದಿದ್ರೆ ದಾನೇಶ್ವರಿದು" ಎಂದಿದ್ದರು. ದಾನೇಶ್ವರಿ ಅದೇ ಪಾತ್ರವನ್ನು ಬಾಯಿಪಾಠ ಮಾಡಿಕೊಂಡು ಕೂತವಳು. ಇನ್ನೊಂದು ನಿಯಮವೂ ಇತ್ತು. ಬರೆದ ಮಾತಿಗೆ ಯಾರೂ ಒಂದು ಪದವನ್ನೂ ಸೇರಿಸಕೂಡದು. ಸೇರಿಸಿದ ಹುಡುಗನೊಬ್ಬನನ್ನು ಏಪ್ರಿಲ್‌ನಲ್ಲೇ ಊರಿಗೆ ಕಳಿಸಿದ್ದರು.

ಪರದೆ ಸರಿಯಿತು. ಸಭಾಂಗಣ ತುಂಬಿತ್ತು. ಆ ಸಾಲು ಬರುವ ಹೊತ್ತಿಗೆ ಸುಧಾಮಣಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು.

"ಅರಸಾ," ಎಂದಳು. ಉಸಿರು ಬಿಗಿಹಿಡಿದು, "ನಿನ್ನ ಆನೆ" ಎಂದಳು. ಆಮೇಲೆ ಉಸಿರು ಬಿಟ್ಟು, "ನನ್ನ ಹೊಲ ಹೊಕ್ಕಿದೆ."

ಬಂತು. ನೆಟ್ಟಗೆ ಬಂತು. ಪಕ್ಕದ ಪರದೆಯ ಮರೆಯಲ್ಲಿ ಮೇಷ್ಟ್ರು ತಲೆಯಾಡಿಸಿದ್ದು ಕಣ್ಣಂಚಿಗೆ ಕಂಡಿತು.

ಶಶಿಕುಮಾರ ಸಿಂಹಾಸನದಿಂದೆದ್ದು ಮೀಸೆ ತಿರುವಿ ಗುಡುಗಿದ: "ಯಾವ ಹಾನೆ?"

ಮುಂದಿನ ಸಾಲಿನಲ್ಲಿ ಯಾರೋ "ಹಾನೆಯಂತೆ ಕಣ್ಲಾ!" ಎಂದರು. ನಗು ಹಿಂದಿನ ಬೆಂಚಿನವರೆಗೂ ಉರುಳಿಕೊಂಡು ಹೋಯಿತು. ಗೇಲಿ ಮಾಡಿ ಮಾಡಿ ಆ ಪದ ಅವನ ನಾಲಿಗೆಗೇ ಅಂಟಿಕೊಂಡಿತ್ತು. ಬಣ್ಣದ ಮೇಲೆ ಬೆವರು ಇಳಿಯುತ್ತಿತ್ತು. ಮುಂದಿನ ಮಾತು ಮರೆತಿದ್ದಾನೆಂದು ಅವನ ಕಣ್ಣೇ ಹೇಳಿತು. ಯಾರೋ ಸಿಳ್ಳೆ ಹಾಕಿದರು.

ಸುಮ್ಮನಿದ್ದರೆ ಅವಳ ಜಾಗ ಭದ್ರ. ನಾಟಕ ಮಾತ್ರ ಇಲ್ಲಿಗೇ ಮುಗಿಯುತ್ತದೆ. ಸುಧಾಮಣಿ ಒಂದು ಹೆಜ್ಜೆ ಮುಂದಿಟ್ಟಳು.

"ನಿನ್ನ ಅರಮನೆಯಲ್ಲಿ ಏನನ್ನುತ್ತಾರೋ ತಿಳಿಯದು, ಅರಸಾ. ನಮ್ಮೂರಲ್ಲಿ ಅದನ್ನು ಆನೆ ಎನ್ನುತ್ತೇವೆ."

ಚಪ್ಪಾಳೆ ಬಿತ್ತು. ಜನ ಈಗ ನಗುತ್ತಿದ್ದದ್ದು ಆ ಹೆಣ್ಣಿನ ಪರವಾಗಿ, ರಾಜನ ಮೇಲೆ. ನಾಟಕಕ್ಕೆ ಬೇಕಾಗಿದ್ದದ್ದೂ ಅದೇ. ಅಷ್ಟರಲ್ಲಿ ಶಶಿಕುಮಾರನಿಗೆ ಮಾತು ನೆನಪಾಯಿತು. "ಸೊಕ್ಕಿನ ಹೆಣ್ಣೇ!" ಎಂದ, ನಿಜವಾದ ಸಿಟ್ಟಿನಲ್ಲೇ.

ಬಣ್ಣ ಒರೆಸುವಾಗ ಅವನು ಮೆಲ್ಲಗೆ ಬಂದು ನಿಂತ. "ಮಾನ ಉಳಿಸ್ಬುಟ್ಟೆ ಕಣಮ್ಮಿ. ಆದ್ರೆ ಮೇಷ್ಟ್ರು ನಿನ್ನ ಬುಡಕಿಲ್ಲ."

"ಗೊತ್ತು."

ಮೇಷ್ಟ್ರು ಬಂದರು. "ಲೋ ಶಶಿ, ಸಿಂಹಾಸನ ಒತ್ಕೊಂಡೋಗಿ ಗಾಡಿಗಾಕ್ಲಾ. ಹಾನೆ ಬತ್ತದೆ ಅಂತ ಕಾಯ್ಬ್ಯಾಡ" ಎಂದು ಅವನನ್ನು ಅಟ್ಟಿದರು. ಇವಳ ಕಡೆ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ.

"ಬಿ.ಎಡ್.ಗೆ ಅರ್ಜಿ ಆಕಿದ್ದೀಯಾ?"

"ಇನ್ನೂ ಇಲ್ಲ, ಮೇಷ್ಟ್ರೇ."

"ಆಕ್ಬ್ಯಾಡ. ವರ್ಷ ಪೂರ್ತಿ ತಂಡದಲ್ಲಿರ್ತೀನಿ ಅಂತ ಅಪ್ಪಾಜಿಗೆ ಏಳು."

ಸುಧಾಮಣಿ ಹಿಂದೆ ನೋಡದೆ ಟ್ರಂಕಿನ ಮೇಲೆ ಕುಸಿದು ಕೂತಳು.

"ಕೂತ್ಕೋಬ್ಯಾಡ, ಎದ್ದೇಳು. ಆ ಮಾತ್ನ ನಾಳೆ ನಾಟಕದ ಪ್ರತೀಲಿ ಬರ್ಕೋತೀನಿ. ನಾಳೆಯಿಂದ ಅದು ನಂದು. ಇವತ್ತಿಂದು ಮಾತ್ರ ನಿನ್ ತಪ್ಪೇ. ನಾನು ಬರೀದೇ ಇರೋ ಪದ ಎಷ್ಟು ಆಡ್ದೆ, ಎಣ್ಸು."

ಅವಳು ಎದ್ದು ನಿಂತು ಬೆರಳು ಮಡಚುತ್ತ ಎಣಿಸಿದಳು. 'ಅರಸಾ' ಎಂಬುದನ್ನು ಬಿಡಬಹುದೇ ಎಂದು ಕೊಂಚ ತಡೆದು, ಅದನ್ನೂ ಸೇರಿಸಿಕೊಂಡಳು.

"ಒಂಬತ್ತು."